ಪ್ಲೆಬಿಯನ್ನರ ಹೋರಾಟದಲ್ಲಿ ಗೆದ್ದದ್ದು ನಿಜಕ್ಕೂ ಯಾರು?

ಅಡಿಕೆಪೆಟ್ಟಿಗೆ
ರೋಮ್ ಗಣರಾಜ್ಯದ ಆರಂಭದ ಕಾಲದ ಬಗ್ಗೆ ಒಂದು ಪ್ರಶ್ನೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಕಥೆ ಸರಳ. ಪೆಟ್ರೀಷಿಯನ್ನರು ಅಂದರೆ ಕುಲೀನ ಮನೆತನದವರು, ಪ್ಲೆಬಿಯನ್ನರು ಅಂದರೆ ಉಳಿದವರೆಲ್ಲ. ಈ ಉಳಿದವರು ಇನ್ನೂರು ವರ್ಷ ಹೋರಾಡಿ ಸಮಾನ ಹಕ್ಕು ಪಡೆದರು. ಶುಭಂ.

ಈಗ ರೋಮಿನ ಇತಿಹಾಸಕಾರ ಲಿವಿ ಬರೆದ ಇತಿಹಾಸವನ್ನು ನಿಧಾನಕ್ಕೆ ಓದುತ್ತಿದ್ದೇನೆ. ಓದಿದಷ್ಟೂ ಅನುಮಾನ ಜಾಸ್ತಿಯಾಗುತ್ತಿದೆ. ಕ್ರಿ.ಪೂ. 494ರಲ್ಲಿ ಜಗಳ ಶುರುವಾದದ್ದು ಸಾಲದಿಂದ. ಕ್ರಿ.ಪೂ. 287ರಲ್ಲಿ ಮುಗಿಯಿತು ಅಂತಾರೆ. ನಡುವೆ ಸಿಕ್ಕಿದ್ದೇನು? ಟ್ರಿಬ್ಯೂನ್ (ಪ್ಲೆಬಿಯನ್ನರನ್ನು ಕಾಯುವ ಅವರದೇ ಅಧಿಕಾರಿ) ಹುದ್ದೆ, ಬರೆದಿಟ್ಟ ಕಾನೂನು, ಪೆಟ್ರೀಷಿಯನ್ ಮನೆಗಳ ಜೊತೆ ಮದುವೆ ಸಂಬಂಧ, ಕಾನ್ಸಲ್ (ರೋಮ್ ಆಳುವ ಇಬ್ಬರು ಮುಖ್ಯ ಅಧಿಕಾರಿಗಳಲ್ಲಿ ಒಬ್ಬ) ಪದವಿ, ಪುರೋಹಿತ ಪದವಿ. ಸಾಲದಲ್ಲಿ ಮುಳುಗಿದ ರೈತನಿಗೆ ಕಾನ್ಸಲ್ ಪದವಿ ಕಟ್ಟಿಕೊಂಡು ಏನಾಗಬೇಕು? ಅವನ ಮಗಳಿಗೆ ಕ್ಲಾಡಿಯಸ್‌ನಂಥ ಪೆಟ್ರೀಷಿಯನ್ ಮನೆತನದ ಗಂಡು ಸಿಗುತ್ತಿದ್ದನಾ?

ನನ್ನ ವಾದ ಇಷ್ಟೇ. ಬೀದಿಗಿಳಿದವರು ಬಡವರು, ಪದವಿ ಪಡೆದವರು ದುಡ್ಡಿದ್ದ ಪ್ಲೆಬಿಯನ್ನರು. ಒಪ್ಪದವರು ಹೇಳಿ.

ಮಂಡಕ್ಕಿ
ಒಪ್ಪಿದೆ. ಎಲ್ಲರೂ ಮನೆಗೆ ಹೋಗಿ.

ತುಂಗೆಯ ತಡಿ
ನಾನು ಒಪ್ಪುವುದಿಲ್ಲ. 494ರ ಘಟನೆಯನ್ನೇ ಸರಿಯಾಗಿ ನೋಡಿ.

ಲಿವಿ ಹೇಳುವ ಪ್ರಕಾರ ಒಬ್ಬ ಮುದುಕ ಊರ ನಡುವಿನ ಚೌಕಕ್ಕೆ, ಅಂದರೆ ಫೋರಮ್ಮಿಗೆ, ಓಡಿ ಬರುತ್ತಾನೆ. ಹರಿದ ಬಟ್ಟೆ, ಬೆಳೆದ ಗಡ್ಡ, ಎಲುಬು ಗೂಡಿನಂಥ ಮೈ. ಜನ ಗುರುತು ಹಿಡಿಯುತ್ತಾರೆ. ಒಂದು ಕಾಲಕ್ಕೆ ನೂರು ಸೈನಿಕರ ನಾಯಕನಾಗಿದ್ದವನು. ಅವನು ಸೇಬೈನರ ವಿರುದ್ಧ ಯುದ್ಧಕ್ಕೆ ಹೋದಾಗ ಇತ್ತ ಹೊಲ ಸುಟ್ಟುಹೋಯಿತು, ಮನೆ ಲೂಟಿಯಾಯಿತು, ದನ ಹೊಡೆದುಕೊಂಡು ಹೋದರು. ಅದೇ ಹೊತ್ತಿಗೆ ತೆರಿಗೆ ಬಂತು. ಸಾಲ ಮಾಡಿದ. ಬಡ್ಡಿ ಬೆಳೆಯಿತು. ಅಜ್ಜನ ಕಾಲದ ಜಮೀನು ಹೋಯಿತು, ಉಳಿದದ್ದೂ ಹೋಯಿತು, ಕೊನೆಗೆ ಮೈಯೂ ಸಾಲ ಕೊಟ್ಟವನ ಪಾಲಾಯಿತು. ಎದೆಯ ಮೇಲೆ ಯುದ್ಧದ ಗಾಯ, ಬೆನ್ನ ಮೇಲೆ ಆಗಷ್ಟೇ ಬಿದ್ದ ಚಾಟಿಯ ಬರೆ. ಎರಡನ್ನೂ ಜನರಿಗೆ ತೋರಿಸಿದ.

ಇದನ್ನೇ ನೆಕ್ಸಮ್ ಅನ್ನುವುದು. ದೇಹವನ್ನೇ ಒತ್ತೆ ಇಟ್ಟು ಮಾಡುವ ಸಾಲ. ಮಾಮೂಲಿ ಮಾತಿನಲ್ಲಿ ಜೀತ.

ಆಮೇಲೆ ಪ್ಲೆಬಿಯನ್ನರು ಆಯುಧ ಸಮೇತ ಊರು ಬಿಟ್ಟು ಆನಿಯೋ ನದಿಯಾಚೆಯ ಪವಿತ್ರ ಗುಡ್ಡಕ್ಕೆ ಹೋಗಿ ಕೂತರು. ರೋಮ್‌ನಿಂದ ಮೂರು ಮೈಲಿ ದೂರ. ಯಾರಿಗೂ ಹೊಡೆಯಲಿಲ್ಲ, ಏನನ್ನೂ ಸುಡಲಿಲ್ಲ. ಸುಮ್ನೆ ಕೂತರು. ಸುತ್ತ ಈಕ್ವಿ, ವೋಲ್ಸಿ ಅಂತ ಶತ್ರುಗಳು. ಸೈನ್ಯವೇ ಇಲ್ಲದ ಊರನ್ನು ಹಿರಿಯರ ಸಭೆಯಾದ ಸೆನೆಟ್ ಹೇಗೆ ಕಾಯುತ್ತದೆ? ಮಾತಿಗೆ ಬಂದರು, ಟ್ರಿಬ್ಯೂನ್ ಹುದ್ದೆ ಹುಟ್ಟಿತು. ಇದು ಬಡವರ ಗೆಲುವಲ್ಲದೆ ಇನ್ನೇನು?

ಅಡಿಕೆಪೆಟ್ಟಿಗೆ
ಅಲ್ಲಿಗೇ ಬಂದಿರಿ ನೋಡಿ. ಗುಡ್ಡಕ್ಕೆ ಹೋದದ್ದು ಸಾಲಕ್ಕಾಗಿ. ಇಳಿದು ಬಂದದ್ದು ಟ್ರಿಬ್ಯೂನ್ ಹುದ್ದೆ ಹಿಡಿದುಕೊಂಡು. ಲಿವಿಯ ಒಪ್ಪಂದದಲ್ಲಿ ಸಾಲ ಮನ್ನಾ ಎಲ್ಲಿದೆ? ಒಂದು ಸಾಲೂ ಇಲ್ಲ. ಸಾಲ ಬಿಟ್ಟುಕೊಟ್ಟರು ಅಂತ ಹೇಳುವವನು ಗ್ರೀಕ್ ಇತಿಹಾಸಕಾರ ಡಯೊನೀಸಿಯಸ್. ಇಬ್ಬರೂ ಬರೆದದ್ದು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಆಳುತ್ತಿದ್ದಾಗ.

ಗೆಣಸಲೆ
ಹೊಟ್ಟೆ ಮತ್ತು ಕೈಕಾಲಿನ ಕಥೆ ಹೇಳಿ ಎಲ್ಲರನ್ನೂ ವಾಪಸ್ ಕರೆತಂದನಲ್ಲ ಒಬ್ಬ, ಅವನ ಹೆಸರೇನು? ಹೊಟ್ಟೆ ಸುಮ್ನೆ ಕೂತು ತಿನ್ನುತ್ತದೆ ಅಂತ ಕೈಕಾಲು ಮುಷ್ಕರ ಹೂಡಿದವು, ಆಮೇಲೆ ತಾವೇ ಸೊರಗಿದವು. ಚಿಕ್ಕವಳಿದ್ದಾಗ ಕೇಳಿದ್ದೆ.

ತುಂಗೆಯ ತಡಿ
ಮೆನೇನಿಯಸ್ ಅಗ್ರಿಪ್ಪ. ಆದರೆ ಮೇಡಂ, ಕಥೆ ಕೇಳಿ ಯಾರೂ ಇಳಿದು ಬರಲಿಲ್ಲ. ಕಥೆ ಆದ ಮೇಲೆ ಚೌಕಾಸಿ ನಡೆಯಿತು. ಪ್ಲೆಬಿಯನ್ನರಿಗೆ ಅವರದೇ ಅಧಿಕಾರಿಗಳು ಇರಬೇಕು, ಅವರ ಮೈ ಮುಟ್ಟುವಂತಿಲ್ಲ, ಯಾವ ಪೆಟ್ರೀಷಿಯನ್ನನೂ ಆ ಹುದ್ದೆ ಹಿಡಿಯುವಂತಿಲ್ಲ. ಇಷ್ಟು ಒಪ್ಪಿದ ಮೇಲೆ ಇಳಿದರು.

ಮಂಡಕ್ಕಿ
ಹೊಟ್ಟೆಯ ಕಥೆ ಹೇಳಿದವನು ಹೊಟ್ಟೆಯ ಕಡೆಯವನೇ ಅಲ್ವಾ 😀

ಲಾಯರ್ ಸಾಹೇಬ
ಟ್ರಿಬ್ಯೂನ್ ಹುದ್ದೆಯನ್ನು ಹಗುರವಾಗಿ ನೋಡಬೇಡಿ. ಜಗತ್ತಿನಲ್ಲಿ ಅಂಥ ಹುದ್ದೆ ಅಪರೂಪ.

ಅವನಿಗೆ ಸೈನ್ಯ ಇಲ್ಲ, ಖಜಾನೆ ಇಲ್ಲ, ಕಾನ್ಸಲ್ ಮುಂದೆ ಕೊಡಲಿ ಕಟ್ಟು ಹಿಡಿದು ನಡೆಯುವ ಹನ್ನೆರಡು ಲಿಕ್ಟರ್‌ಗಳೂ ಇಲ್ಲ. ಇರುವುದು ಮೈ ಒಂದೇ. ಆ ಮೈಯನ್ನು ಮುಟ್ಟಿದವನನ್ನು ಯಾರು ಬೇಕಾದರೂ ಕೊಲ್ಲಬಹುದು, ಕೊಂದವನಿಗೆ ಶಿಕ್ಷೆ ಇಲ್ಲ ಅಂತ ಪ್ಲೆಬಿಯನ್ನರೆಲ್ಲ ಸೇರಿ ಪ್ರಮಾಣ ಮಾಡಿದ್ದರು. ಹಾಗಾಗಿ ಅವನು ಸಾಲಗಾರನಿಗೂ ಹಿಡಿಯಲು ಬಂದವನಿಗೂ ನಡುವೆ ಹೋಗಿ ನಿಂತರೆ ಸಾಕು. ಅಧಿಕಾರಿ ಕೈ ಕಟ್ಟಿಕೊಂಡು ನಿಲ್ಲಬೇಕು. ಟ್ರಿಬ್ಯೂನನ ಮನೆ ಬಾಗಿಲು ಹಗಲು ರಾತ್ರಿ ತೆರೆದೇ ಇರಬೇಕು. ಊರು ಬಿಟ್ಟು ಹೊರಗೆ ರಾತ್ರಿ ಕಳೆಯುವಂತಿಲ್ಲ. ಸಹಾಯ ಕೇಳಿ ಬಂದವನು ಖಾಲಿ ಕೈಯಲ್ಲಿ ಹೋಗಬಾರದು ಅಂತ ಈ ನಿಯಮ.

ಅಡಿಕೆಪೆಟ್ಟಿಗೆಯವರು ಕೇಳಿದ "ರೈತನಿಗೆ ಏನು ಸಿಕ್ಕಿತು" ಅನ್ನುವುದಕ್ಕೆ ಇದೇ ಉತ್ತರ.

ಬಯಲುಸೀಮೆ
ಆದರೆ ಆ ಅಧಿಕಾರ ಊರಿನೊಳಗೆ ಮಾತ್ರ ಸಾರ್. ಮೊದಲ ಮೈಲಿಗಲ್ಲು ದಾಟಿದರೆ ಟ್ರಿಬ್ಯೂನನೂ ಒಬ್ಬ ಸಾಮಾನ್ಯ. ಸೈನ್ಯದಲ್ಲಿ ಕಾನ್ಸಲ್ ಹೇಳಿದ್ದೇ ಕಾನೂನು. ರೈತನ ಹೊಲ ಇರುವುದು ಊರ ಹೊರಗೆ, ಯುದ್ಧ ನಡೆಯುವುದೂ ಊರ ಹೊರಗೆ. ಲೆಕ್ಕ ನೀವೇ ಹಾಕಿ.

ಪರೀಕ್ಷೆ ಭಯ
ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಐದು ಪಾಯಿಂಟ್ ಮಾಡಿ ಯಾರಾದರೂ ಹಾಕುತ್ತೀರಾ? ಬುಧವಾರ ಪರೀಕ್ಷೆ ಇದೆ.

ಮಂಡಕ್ಕಿ
ಇಲ್ಲಿ ಐದು ಜನ ಒಂದು ಪಾಯಿಂಟ್ ಒಪ್ಪುತ್ತಿಲ್ಲ, ನೀನು ಐದು ಪಾಯಿಂಟ್ ಕೇಳ್ತೀಯಲ್ಲ ತಮ್ಮಾ.

ಕಪ್ಪುಕಾಫಿ
ಚರ್ಚೆ ಚೆನ್ನಾಗಿದೆ. ಆದರೆ ಎಲ್ಲರೂ ಲಿವಿಯನ್ನು ನಿನ್ನೆಯ ಪತ್ರಿಕೆ ಓದಿದಂತೆ ಓದುತ್ತಿದ್ದೀರಿ. ಅವನು ಬರೆದದ್ದು ಘಟನೆ ನಡೆದ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲದ ನಂತರ. ರೋಮನ್ನರಲ್ಲಿ ಮೊದಲು ಇತಿಹಾಸ ಬರೆದ ಫೇಬಿಯಸ್ ಪಿಕ್ಟರ್ ಇದ್ದದ್ದೇ ಕ್ರಿ.ಪೂ. 200ರ ಸುಮಾರಿಗೆ, ಅದೂ ಗ್ರೀಕ್ ಭಾಷೆಯಲ್ಲಿ ಬರೆದ. ಕ್ರಿ.ಪೂ. 390ರಲ್ಲಿ ಉತ್ತರದಿಂದ ಬಂದ ಗಾಲ್ ಜನ ಊರಿಗೆ ನುಗ್ಗಿದಾಗ ದಾಖಲೆಗಳ ಬಹುಪಾಲು ಸುಟ್ಟುಹೋಯಿತು ಅಂತ ಲಿವಿಯೇ ಹೇಳಿಕೊಂಡಿದ್ದಾನೆ.

ಇನ್ನೊಂದು. ಗಣರಾಜ್ಯದ ಮೊದಲ ಇಪ್ಪತ್ತು ವರ್ಷದ ಕಾನ್ಸಲ್‌ಗಳ ಪಟ್ಟಿ ನೋಡಿ. ಜೂನಿಯಸ್, ಕ್ಯಾಸಿಯಸ್ ಅಂತ ಹೆಸರುಗಳಿವೆ. ಮುಂದೆ ಇವೇ ಪ್ಲೆಬಿಯನ್ ಮನೆತನಗಳು. ಅಂದರೆ ಶುರುವಿನಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕೆಲವು ಮನೆತನಗಳು ಒಳಗೆ ಸೇರಿಕೊಂಡು ಆಮೇಲೆ ಅಗುಳಿ ಹಾಕಿದವು. "ಎರಡು ವರ್ಗ ಮೊದಲಿನಿಂದಲೇ ಇತ್ತು" ಅನ್ನುವ ಶಾಲೆಯ ಕಥೆಗೆ ಇದೇ ದೊಡ್ಡ ಪೆಟ್ಟು.

ಅಡಿಕೆಪೆಟ್ಟಿಗೆ
ಇದು ನನ್ನ ವಾದಕ್ಕೇ ಬಲ ಕೊಟ್ಟಿತು. ಹೊರಗೆ ಉಳಿದ ಶ್ರೀಮಂತರಿಗೆ ಒಳಗೆ ಬರಬೇಕಿತ್ತು. ಬಾಗಿಲು ಒಡೆಯಲು ಬಡವರು ಬೇಕಿತ್ತು.

ಲಾಯರ್ ಸಾಹೇಬ
ಕಪ್ಪುಕಾಫಿ ಹೇಳಿದ್ದು ಕಥೆಗಳ ಮಟ್ಟಿಗೆ ಸರಿ. ಆದರೆ ರೋಮ್ ಮೊದಲು ಬರೆದಿಟ್ಟ ಹನ್ನೆರಡು ಫಲಕಗಳ ಕಾನೂನಿನ ತುಣುಕುಗಳು ನಮಗೆ ಸಿಕ್ಕಿವೆ. ಕ್ರಿ.ಪೂ. 451-450ರದ್ದು. ಅದರ ಹಳೆಯ ಲ್ಯಾಟಿನ್ ನೋಡಿದರೇ ಇದು ಆಮೇಲೆ ಕಟ್ಟಿದ್ದಲ್ಲ ಅಂತ ಗೊತ್ತಾಗುತ್ತದೆ.

ಸಾಲದ ಬಗ್ಗೆ ಅಲ್ಲಿ ಏನಿದೆ ಕೇಳಿ. ಸಾಲ ಒಪ್ಪಿಕೊಂಡವನಿಗೆ ಅಥವಾ ತೀರ್ಪಾದವನಿಗೆ 30 ದಿನ ಗಡುವು. ಕೊಡದಿದ್ದರೆ ಸಾಲ ಕೊಟ್ಟವನು ಅವನ ಮೇಲೆ ಕೈ ಹಾಕಬಹುದು. ಯಾರೂ ಜಾಮೀನು ನಿಲ್ಲದಿದ್ದರೆ ಮನೆಗೆ ಒಯ್ದು ಬೇಡಿ ಹಾಕಬಹುದು. ಊಟಕ್ಕೆ ದಿನಕ್ಕೆ ಒಂದು ಪೌಂಡ್ ಧಾನ್ಯ. 60 ದಿನ ಹೀಗೆ ಇಟ್ಟುಕೊಳ್ಳಬಹುದು. ಆ ಅವಧಿಯಲ್ಲಿ ಸಾಲಾಗಿ ಮೂರು ಸಂತೆಯ ದಿನ ಅವನನ್ನು ಎಲ್ಲರ ಮುಂದೆ ತಂದು ಸಾಲ ಎಷ್ಟು ಅಂತ ಕೂಗಿ ಹೇಳಬೇಕು. ಯಾರಾದರೂ ಕರುಣೆಯಿಂದ ಕಟ್ಟಲಿ ಅಂತ. ಯಾರೂ ಬರದಿದ್ದರೆ ಟೈಬರ್ ನದಿಯಾಚೆ ಗುಲಾಮನಾಗಿ ಮಾರಬಹುದು. ಸಾಲ ಕೊಟ್ಟವರು ಹಲವರಿದ್ದರೆ "ಭಾಗ ಕತ್ತರಿಸಿಕೊಳ್ಳಲಿ" ಅಂತ ಬರೆದಿದೆ. ನಿಜವಾಗಿ ಯಾರನ್ನೂ ಕತ್ತರಿಸಿದ್ದು ಕೇಳಿಲ್ಲ ಅಂತ ರೋಮನ್ ಲೇಖಕರೇ ಹೇಳುತ್ತಾರೆ.

ಇದು ಕ್ರೂರ. ಆದರೆ ಮೊದಲು ಇದೂ ಬರವಣಿಗೆಯಲ್ಲಿ ಇರಲಿಲ್ಲ. ಕಾನೂನು ಪೆಟ್ರೀಷಿಯನ್ ಪುರೋಹಿತರ ನೆನಪಿನಲ್ಲಿತ್ತು. ಗಡುವು ಎಷ್ಟು, ಬೇಡಿ ಎಷ್ಟು ಭಾರ, ಊಟ ಎಷ್ಟು ಅಂತ ಫೋರಮ್‌ನಲ್ಲಿ ನೇತು ಹಾಕಿದ್ದೇ ದೊಡ್ಡ ಬದಲಾವಣೆ.

ಬಯಲುಸೀಮೆ
ನೇತು ಹಾಕಿದರೆ ಓದುವವರು ಯಾರು? ಮತ್ತೆ, ಯಾವ ದಿನ ಕೋರ್ಟು ನಡೆಯುತ್ತದೆ, ದಾವೆ ಹಾಕುವಾಗ ಯಾವ ಮಾತು ತಪ್ಪದೆ ಹೇಳಬೇಕು ಅನ್ನುವುದು ಆಮೇಲೂ ಪುರೋಹಿತರ ಗುಟ್ಟಾಗಿಯೇ ಇತ್ತು. ಅದನ್ನು ಹೊರಗೆ ಹಾಕಿದ್ದು ಕ್ರಿ.ಪೂ. 304ರಲ್ಲಿ, ನೈಯಸ್ ಫ್ಲೇವಿಯಸ್. ಸ್ವತಂತ್ರನಾದ ಗುಲಾಮನ ಮಗ, ಗುಮಾಸ್ತನಾಗಿದ್ದವನು. ಫಲಕ ಬಂದು ಸುಮಾರು 150 ವರ್ಷದ ಮೇಲೆ.

ಇವನ ಬಗ್ಗೆ ಒಂದು ಕಥೆ ನನಗೆ ಬಹಳ ಇಷ್ಟ. ಈಡೈಲ್ (ಊರಿನ ಸಂತೆ, ಕಟ್ಟಡ ನೋಡಿಕೊಳ್ಳುವ ಅಧಿಕಾರಿ) ಹುದ್ದೆಗೆ ಆಯ್ಕೆಯಾದ ಮೇಲೆ ಕಾಯಿಲೆ ಬಿದ್ದ ಸಹೋದ್ಯೋಗಿಯನ್ನು ನೋಡಲು ಹೋದ. ಅಲ್ಲಿ ಕೂತಿದ್ದ ಕುಲೀನ ಹುಡುಗರು ಬೇಕೆಂದೇ ಎದ್ದು ನಿಲ್ಲಲಿಲ್ಲ. ಫ್ಲೇವಿಯಸ್ ಜಗಳ ಮಾಡಲಿಲ್ಲ. ತನ್ನ ಅಧಿಕಾರದ ದಂತದ ಕುರ್ಚಿಯನ್ನು ಅಲ್ಲಿಗೇ ತರಿಸಿ, ಅದರ ಮೇಲೆ ಕೂತು ಅವರನ್ನೇ ನೋಡುತ್ತಿದ್ದ.

ಮಂಡಕ್ಕಿ
ಈ ಮನುಷ್ಯನಿಗೆ ಒಂದು ಸಲಾಂ.

ಗೆಣಸಲೆ
ಫಲಕಗಳ ವಿಷಯ ಬಂತು, ವರ್ಜೀನಿಯಾಳನ್ನು ಯಾರೂ ನೆನೆಯಲಿಲ್ಲ. ಕಾನೂನು ಬರೆಯಲು ಹತ್ತು ಜನರ ಸಮಿತಿ ಮಾಡಿದರು. ಆ ಒಂದು ವರ್ಷ ಕಾನ್ಸಲ್ ಇಲ್ಲ, ಟ್ರಿಬ್ಯೂನ್ ಇಲ್ಲ. ಎರಡನೇ ವರ್ಷ ಹೊಸ ಸಮಿತಿ ಬಂತು, ಅವಧಿ ಮುಗಿದರೂ ಕುರ್ಚಿ ಬಿಡಲಿಲ್ಲ. ಮುಖ್ಯಸ್ಥ ಅಪ್ಪಿಯಸ್ ಕ್ಲಾಡಿಯಸ್ ಒಬ್ಬ ಪ್ಲೆಬಿಯನ್ ಸೈನಿಕನ ಮಗಳ ಮೇಲೆ ಕಣ್ಣು ಹಾಕಿದ. ತನ್ನ ಕಡೆಯವನೊಬ್ಬನಿಂದ "ಇವಳು ನನ್ನ ಮನೆಯ ಗುಲಾಮಳು" ಅಂತ ದಾವೆ ಹಾಕಿಸಿ, ತೀರ್ಪನ್ನು ತಾನೇ ಕೊಟ್ಟ. ಅಪ್ಪ ಪಕ್ಕದ ಕಸಾಯಿ ಅಂಗಡಿಯ ಚೂರಿ ತೆಗೆದುಕೊಂಡು ಮಗಳನ್ನೇ ಕೊಂದ. ಜನ ಮತ್ತೆ ಊರು ಬಿಟ್ಟರು. ಕ್ರಿ.ಪೂ. 449.

ಅರಸರನ್ನು ಓಡಿಸಲು ಅರಸನ ಮಗನ ಅತ್ಯಾಚಾರಕ್ಕೆ ತುತ್ತಾದ ಲುಕ್ರೀಷಿಯಾ ಸಾಯಬೇಕು, ಸಮಿತಿಯನ್ನು ಓಡಿಸಲು ವರ್ಜೀನಿಯಾ ಸಾಯಬೇಕು. ಸ್ವಾತಂತ್ರ್ಯ ಗಂಡಸರಿಗೆ. ಇವಳ ಬಾಯಲ್ಲಿ ಲಿವಿ ಒಂದು ಮಾತನ್ನೂ ಆಡಿಸುವುದಿಲ್ಲ, ಗಮನಿಸಿದ್ದೀರಾ? ನನಗಂತೂ ಓದುವಾಗ ಕೋಪ ಬಂತು.

ಕಪ್ಪುಕಾಫಿ
ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಅಂತ ಲಿವಿಯೇ ಒಂಥರಾ ಒಪ್ಪಿಕೊಳ್ಳುತ್ತಾನೆ, ಲುಕ್ರೀಷಿಯಾಗೆ ಹೋಲಿಸಿಯೇ ಕಥೆ ಶುರು ಮಾಡುತ್ತಾನೆ. ಮತ್ತೆ ಅಪ್ಪಿಯಸ್ ಕ್ಲಾಡಿಯಸ್ ಅನ್ನುವ ಹೆಸರು ಬಂದಾಗಲೆಲ್ಲ ಹುಷಾರಾಗಿರಿ. 495ರಲ್ಲಿ ಸಾಲಗಾರರ ಮೇಲೆ ಬಿಗಿ ಮಾಡಿದ ಕಾನ್ಸಲ್ ಒಬ್ಬ. ಈ ಸಮಿತಿಯವನು ಇನ್ನೊಬ್ಬ. ರಸ್ತೆ ಹಾಕಿಸಿ, ನೀರಿನ ಕಾಲುವೆ ತಂದ 312ರ ಸೆನ್ಸರ್ (ಜನಗಣತಿ ನಡೆಸುವ ಅಧಿಕಾರಿ) ಮತ್ತೊಬ್ಬ. ಆ ಮನೆತನದವರೆಲ್ಲ ಹುಟ್ಟಾ ಜಂಬಗಾರರು ಅಂತ ಚಿತ್ರಿಸುವುದು ಹಳೇ ಇತಿಹಾಸಕಾರರ ಚಾಳಿ.

ಓಹಾಯೋ ಕನ್ನಡಿಗ
ಸ್ವಲ್ಪ ಆಚೀಚೆ ಹೋಗುತ್ತೇನೆ, ಕ್ಷಮಿಸಿ. ನಾನು ಇರುವುದು ಸಿನ್ಸಿನಾಟಿಯಲ್ಲಿ. ಊರಿನ ಹೆಸರು ಬಂದದ್ದು ಇದೇ ಕಾಲದ ಸಿನ್ಸಿನಾಟಸ್‌ನಿಂದ. ನೇರವಾಗಿ ಅಲ್ಲ, ಅವನ ಹೆಸರಿಟ್ಟುಕೊಂಡಿದ್ದ ಅಮೆರಿಕದ ಸೇನಾಧಿಕಾರಿಗಳ ಸಂಘದಿಂದ. ನದಿ ದಂಡೆಯಲ್ಲಿ ಅವನ ಪ್ರತಿಮೆ ಇದೆ. ಹೊಲ ಉಳುತ್ತಿದ್ದವನನ್ನು ಕರೆದು ಆಪತ್ತಿನ ಕಾಲಕ್ಕೆ ಸರ್ವಾಧಿಕಾರಿ ಮಾಡಿದರು, 16ನೇ ದಿನ ಯುದ್ಧ ಗೆದ್ದು ಅಧಿಕಾರ ಬಿಟ್ಟು ಹೊಲಕ್ಕೆ ವಾಪಸ್ ಹೋದ. ಕ್ರಿ.ಪೂ. 458. ಇಂಥ ನಾಯಕರೂ ಇದ್ದರಲ್ಲ?

ಅಡಿಕೆಪೆಟ್ಟಿಗೆ
ಅದೇ ಮಹಾನುಭಾವ ಪ್ಲೆಬಿಯನ್ನರ ಬೇಡಿಕೆಗೆ ಕಡು ವಿರೋಧಿ. ಅವನ ಬಳಿ ನಾಲ್ಕೇ ಯೂಗೆರಾ ಜಮೀನು, ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ, ಯಾಕೆ ಉಳಿದಿತ್ತು ಗೊತ್ತಾ? ಮಗ ಕೇಸೋ ಟ್ರಿಬ್ಯೂನರನ್ನು ಫೋರಮ್‌ನಿಂದ ಹೊಡೆದು ಅಟ್ಟುತ್ತಿದ್ದ. ಕೇಸು ಬಿತ್ತು, ಜಾಮೀನಿನ ಮೇಲೆ ಹೊರಬಂದವನು ಪಕ್ಕದ ನಾಡು ಎಟ್ರುರಿಯಾಕ್ಕೆ ಓಡಿಹೋದ. ಜಾಮೀನು ಹಣ ಕಟ್ಟಿ ಅಪ್ಪ ಬಡವನಾದ. ಪ್ರತಿಮೆಯ ಕೆಳಗೆ ಇದನ್ನು ಬರೆದಿದ್ದಾರಾ?

ಓಹಾಯೋ ಕನ್ನಡಿಗ
ಇಲ್ಲ 😅 ಆದರೂ 16 ದಿನದಲ್ಲಿ ಕುರ್ಚಿ ಬಿಟ್ಟದ್ದು ಬಿಟ್ಟದ್ದೇ.

ತುಂಗೆಯ ತಡಿ
ನಾಯಕರ ವಿಷಯಕ್ಕೆ ಬಂದರೆ ನನಗೆ ಕಾಡುವವರು ಬೇರೆ ಮೂವರು. ಬಡವರ ಪರ ನಿಂತು, "ಅರಸನಾಗಲು ಹೊರಟಿದ್ದಾನೆ" ಅನ್ನುವ ಆರೋಪಕ್ಕೆ ಜೀವ ತೆತ್ತವರು.

ಸ್ಪೂರಿಯಸ್ ಕ್ಯಾಸಿಯಸ್, ಮೂರು ಸಲ ಕಾನ್ಸಲ್. ಜಮೀನು ಹಂಚಲು ಹೊರಟ. ಕ್ರಿ.ಪೂ. 485ರಲ್ಲಿ ಕೊಂದರು, ಮನೆ ಕೆಡವಿದರು. ಅವನ ಅಪ್ಪನೇ ವಿಚಾರಣೆ ಮಾಡಿ ಕೊಂದ ಅಂತಲೂ ಒಂದು ಕಥೆ ಇದೆ.

ಸ್ಪೂರಿಯಸ್ ಮೇಲಿಯಸ್, ಹಣವಂತ ಪ್ಲೆಬಿಯನ್. ಬರದ ಸಮಯದಲ್ಲಿ ಎಟ್ರುರಿಯಾದಿಂದ ಧಾನ್ಯ ತರಿಸಿ ಜನರಿಗೆ ಹಂಚಿದ. ಕ್ರಿ.ಪೂ. 439ರಲ್ಲಿ ಸರ್ವಿಲಿಯಸ್ ಅಹಾಲ ಅನ್ನುವವನು ಅವನನ್ನು ಕೊಂದ. ಆಗ ಸರ್ವಾಧಿಕಾರಿ ಯಾರು ಹೇಳಿ? ಮುದುಕನಾಗಿದ್ದ ನಮ್ಮ ಸಿನ್ಸಿನಾಟಸ್. ಕೊಂದವನಿಗೆ ಶಹಬ್ಬಾಸ್ ಹೇಳಿದ. ಮೇಲಿಯಸ್‌ನ ಮನೆಯನ್ನೂ ನೆಲಸಮ ಮಾಡಿದರು.

ಮೂರನೆಯವನು ಮಾರ್ಕಸ್ ಮ್ಯಾನ್ಲಿಯಸ್. ಗಾಲ್ ಜನರು ಮುತ್ತಿದಾಗ ಬಾತುಗಳ ಕೂಗಿಗೆ ಎಚ್ಚೆತ್ತು ಕ್ಯಾಪಿಟಲ್ ಗುಡ್ಡ ಉಳಿಸಿದವನು. ಪಕ್ಕಾ ಪೆಟ್ರೀಷಿಯನ್. ಸಾಲಕ್ಕೆ ಎಳೆದೊಯ್ಯುತ್ತಿದ್ದ ಒಬ್ಬ ಸೈನಿಕನನ್ನು ಕಂಡು ಅಲ್ಲೇ ಎಲ್ಲರೆದುರು ದುಡ್ಡು ಎಣಿಸಿ ಬಿಡಿಸಿದ. ಆಮೇಲೆ ತನ್ನ ಜಮೀನು ಹರಾಜಿಗಿಟ್ಟು ಇನ್ನಷ್ಟು ಜನರನ್ನು ಬಿಡಿಸಲು ಹೊರಟ. ವಿಚಾರಣೆ ನಡೆಯುವಾಗ ಕ್ಯಾಪಿಟಲ್ ಕಡೆ ಕೈ ತೋರಿಸಿ ಮಾತಾಡಿದ. ಅದು ಕಣ್ಣಿಗೆ ಬೀಳುವವರೆಗೆ ಜನ ಅವನನ್ನು ತಪ್ಪಿತಸ್ಥ ಅನ್ನಲಾರರು ಅಂತ ಗೊತ್ತಾಗಿ, ಗುಡ್ಡ ಕಾಣದ ತೋಪಿಗೆ ಸಭೆಯನ್ನು ಒಯ್ದರು! ಕ್ರಿ.ಪೂ. 384ರಲ್ಲಿ ಟಾರ್ಪಿಯನ್ ಬಂಡೆಯಿಂದ ತಳ್ಳಿದರು. ಮುಂದೆ ಆ ಮನೆತನದಲ್ಲಿ ಯಾರಿಗೂ ಮಾರ್ಕಸ್ ಅಂತ ಹೆಸರಿಡಬಾರದು ಅಂತ ಮನೆತನದವರೇ ತೀರ್ಮಾನ ಮಾಡಿದರು.

ಮೂವರೂ ಅನ್ನ, ನೆಲ, ಸಾಲ ಈ ಮೂರನ್ನೇ ಹಿಡಿದವರು. ಮೂವರೂ ಸತ್ತರು. ಪದವಿ ಕೇಳಿದ ಯಾರನ್ನೂ ಬಂಡೆಯಿಂದ ತಳ್ಳಲಿಲ್ಲ.

ಅಡಿಕೆಪೆಟ್ಟಿಗೆ
ತುಂಗೆಯ ತಡಿಯವರೇ, ನೀವು ಈಗ ನನ್ನ ಕಡೆ ವಾದ ಮಾಡುತ್ತಿದ್ದೀರಿ 😄

ತುಂಗೆಯ ತಡಿ
ಇಲ್ಲ. ಬಡವರ ಬೇಡಿಕೆ ಅಷ್ಟು ನಿಜವಾಗಿತ್ತು, ಅಷ್ಟು ಭಯ ಹುಟ್ಟಿಸುತ್ತಿತ್ತು ಅಂತ ಹೇಳುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು
ಭಯ ಯಾಕೆ? ಓಟಿನ ಲೆಕ್ಕ ನೋಡಿ. ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ತಲೆಗೊಂದು ಓಟಿಲ್ಲ, ಗುಂಪಿಗೊಂದು ಓಟು. ಒಟ್ಟು 193 ಗುಂಪು. ಕುದುರೆ ಸವಾರರು 18, ಮೊದಲ ದರ್ಜೆಯ ಶ್ರೀಮಂತರು 80. ಕೂಡಿದರೆ 98. ಬಹುಮತಕ್ಕೆ 97 ಸಾಕು. ಇವರೆಲ್ಲ ಒಂದಾದರೆ ಕೆಳಗಿನವರನ್ನು ಓಟಿಗೆ ಕರೆಯುವುದೇ ಬೇಡ. ಏನೂ ಆಸ್ತಿ ಇಲ್ಲದವರು ಎಷ್ಟೇ ಇದ್ದರೂ ಎಲ್ಲರಿಗೂ ಸೇರಿ ಒಂದು ಗುಂಪು.

ಈ ಲೆಕ್ಕದಲ್ಲಿ ಪೆಟ್ರೀಷಿಯನ್, ಪ್ಲೆಬಿಯನ್ ಅಂತ ಭೇದವೇ ಇಲ್ಲ. ಇರುವುದು ಆಸ್ತಿಯ ಭೇದ. ದುಡ್ಡಿರುವ ಪ್ಲೆಬಿಯನ್ನನ ಓಟು ಪೆಟ್ರೀಷಿಯನ್ನನ ಓಟಿನಷ್ಟೇ ಭಾರ.

ಅಡಿಕೆಪೆಟ್ಟಿಗೆ
ಬಂಗಾರದಂಥ ಮಾತು ಮೇಷ್ಟ್ರೇ. ಈಗ ಕ್ರಿ.ಪೂ. 367ಕ್ಕೆ ಬನ್ನಿ. ಲಿಸಿನಿಯಸ್ ಸ್ಟೋಲೋ, ಸೆಕ್ಸ್ಟಿಯಸ್ ಲ್ಯಾಟೆರಾನಸ್ ಇಬ್ಬರು ಟ್ರಿಬ್ಯೂನರು. ಹತ್ತು ಸಲ ಮತ್ತೆ ಮತ್ತೆ ಆಯ್ಕೆಯಾದರು. ಮೂರು ಮಸೂದೆ. ಒಂದು, ಕಟ್ಟಿದ ಬಡ್ಡಿಯನ್ನು ಅಸಲಿನಲ್ಲಿ ಕಳೆದು ಉಳಿದದ್ದನ್ನು ಮೂರು ಕಂತಿನಲ್ಲಿ ತೀರಿಸುವುದು. ಎರಡು, ಯಾರೂ 500 ಯೂಗೆರಾಕ್ಕಿಂತ ಹೆಚ್ಚು ಜಮೀನು ಇಟ್ಟುಕೊಳ್ಳಬಾರದು, ಅಂದರೆ ಸುಮಾರು 310 ಎಕರೆ. ಮೂರು, ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬ ಪ್ಲೆಬಿಯನ್ ಆಗಿರಬೇಕು.

ಜನ ಏನಂದರು? ಸಾಲದ್ದೂ ಜಮೀನಿನದ್ದೂ ಬೇಕು, ಕಾನ್ಸಲ್ ವಿಷಯ ಬಿಡಿ ಅಂದರು. ಲಿವಿ ಸ್ಪಷ್ಟವಾಗಿ ಬರೆದಿದ್ದಾನೆ. ಇವರಿಬ್ಬರು ಒಪ್ಪಲಿಲ್ಲ. ಮೂರನ್ನೂ ಒಟ್ಟಿಗೆ ಕಟ್ಟಿ ಎಲ್ಲ ತಗೊಳ್ಳಿ, ಇಲ್ಲ ಎಲ್ಲ ಬಿಡಿ ಅಂದರು. ಮುಂದಿನ ವರ್ಷವೇ ಸೆಕ್ಸ್ಟಿಯಸ್ ಮೊದಲ ಪ್ಲೆಬಿಯನ್ ಕಾನ್ಸಲ್ ಆದ. ಲಿಸಿನಿಯಸ್‌ಗೆ ಕ್ರಿ.ಪೂ. 357ರಲ್ಲಿ ದಂಡ ಬಿತ್ತು. ಯಾಕೆ? ತನ್ನದೇ ಕಾನೂನು ಮುರಿದದ್ದಕ್ಕೆ. ಮಗನನ್ನು ಕಾಗದದಲ್ಲಿ ಬೇರೆ ಮಾಡಿ ಇಬ್ಬರ ಹೆಸರಲ್ಲಿ ಸಾವಿರ ಯೂಗೆರಾ ಇಟ್ಟುಕೊಂಡಿದ್ದ.

ಮಂಡಕ್ಕಿ
ಬೇನಾಮಿಯ ಮೂಲಪುರುಷ ಸಿಕ್ಕಿದ!! ನಮ್ಮೂರಿನಲ್ಲಿ ಭೂಸುಧಾರಣೆ ಬಂದಾಗ ನಾಯಿಗೂ ಬೆಕ್ಕಿಗೂ ಹೆಸರಿಟ್ಟು ಜಮೀನು ಬರೆದಿದ್ದರಂತೆ.

ನಿರ್ವಾಹಕ
ನಮ್ಮೂರಿನ ಜಮೀನಿನ ಕಥೆಗೆ ಬೇರೆ ಚರ್ಚೆ ಇದೆ. ಇಲ್ಲಿ ರೋಮ್ ಸಾಕು.

ಕಪ್ಪುಕಾಫಿ
500 ಯೂಗೆರಾ ಅನ್ನುವ ಮಿತಿ 367ಕ್ಕೆ ದೊಡ್ಡದಾಯಿತು ಅಂತ ಅನುಮಾನಪಡುವ ಇತಿಹಾಸಕಾರರಿದ್ದಾರೆ. ಆ ಹೊತ್ತಿಗೆ ಸಾಮಾನ್ಯ ರೈತನಿಗೆ ಹಂಚುತ್ತಿದ್ದ ಜಮೀನು ಎರಡರಿಂದ ಏಳು ಯೂಗೆರಾ. ಆಮೇಲಿನ ಕಾಲದ ಜಗಳವನ್ನು ಹಿಂದಕ್ಕೆ ಕೂಡಿಸಿ ಬರೆದಿರಬಹುದು.

ಗೆಣಸಲೆ
ಈ ಲಿಸಿನಿಯಸ್‌ನ ಹೆಂಡತಿಯ ಕಥೆ ಓದಿದಿರಾ? ಇಬ್ಬರು ಅಕ್ಕತಂಗಿಯರು, ಫೇಬಿಯಸ್ ಮನೆತನ. ಅಕ್ಕನಿಗೆ ಪೆಟ್ರೀಷಿಯನ್ ಗಂಡ, ತಂಗಿಗೆ ಲಿಸಿನಿಯಸ್. ಅಕ್ಕನ ಮನೆಯಲ್ಲಿ ಕೂತಿದ್ದಾಗ ಲಿಕ್ಟರ್ ಬಂದು ಕೋಲಿನಿಂದ ಬಾಗಿಲು ಬಡಿದ. ತಂಗಿ ಬೆಚ್ಚಿಬಿದ್ದಳು, ಅಕ್ಕ ನಕ್ಕಳು. ಆ ನಗು ಚುಚ್ಚಿ ತಂಗಿ ಅಪ್ಪನಿಗೂ ಗಂಡನಿಗೂ ಹೇಳಿದಳಂತೆ, ಅದರಿಂದಲೇ ಕಾನೂನು ಬಂತಂತೆ. ಗಂಡಸರ ಅಧಿಕಾರದಾಸೆಗೂ ಹೆಂಗಸಿನ ಹೊಟ್ಟೆಕಿಚ್ಚೇ ಕಾರಣ! ಆ ಅಪ್ಪ ಹಿಂದೆಯೇ ದೊಡ್ಡ ಹುದ್ದೆಯಲ್ಲಿದ್ದವನು, ಬಾಗಿಲು ಬಡಿಯುವ ಸದ್ದು ಆ ಹುಡುಗಿಗೆ ಹೊಸದಾ?

ಇದಕ್ಕಿಂತ ಕ್ರಿ.ಪೂ. 296ರ ಇನ್ನೊಬ್ಬ ವರ್ಜೀನಿಯಾ ನನಗೆ ಹೆಚ್ಚು ಇಷ್ಟ. ಹುಟ್ಟಿನಿಂದ ಪೆಟ್ರೀಷಿಯನ್, ಮದುವೆಯಾದದ್ದು ಪ್ಲೆಬಿಯನ್ ಕಾನ್ಸಲ್ ವೊಲುಮ್ನಿಯಸ್‌ನನ್ನು. ಅದಕ್ಕೇ ಪೆಟ್ರೀಷಿಯನ್ ಹೆಂಗಸರು ಶೀಲದೇವತೆಯ ಗುಡಿಯ ಪೂಜೆಗೆ ಸೇರಿಸಲಿಲ್ಲ. ಅವಳು ತನ್ನ ಮನೆಯ ಒಂದು ಭಾಗವನ್ನೇ ಬಿಡಿಸಿ ಪ್ಲೆಬಿಯನ್ ಹೆಂಗಸರಿಗೆ ಬೇರೆ ಗುಡಿ ಮಾಡಿದಳು. ಗಂಡಸರು ಧೈರ್ಯದಲ್ಲಿ ಪೈಪೋಟಿ ಮಾಡುವ ಹಾಗೆ ನಾವು ಶೀಲದಲ್ಲಿ ಮಾಡೋಣ ಅಂದಳು. ಕಾನ್ಸಲ್ ಪದವಿ ಸಿಕ್ಕು 70 ವರ್ಷವಾದರೂ ಪೂಜೆಯ ಸಾಲಿನಲ್ಲಿ ಜಾಗ ಇರಲಿಲ್ಲ ನೋಡಿ.

ಲಾಯರ್ ಸಾಹೇಬ
ಒಳ್ಳೆಯ ಉದಾಹರಣೆ ಮೇಡಂ. ಮದುವೆಗೆ ಇದ್ದ ಅಡ್ಡಿ ಹೋದದ್ದು ಕ್ರಿ.ಪೂ. 445ರ ಕನುಲಿಯಸ್ ಕಾನೂನಿನಿಂದ. ಆಮೇಲೂ 150 ವರ್ಷ ಮಡಿ ಹೋಗಲಿಲ್ಲ.

ಅಡಿಕೆಪೆಟ್ಟಿಗೆಯವರಿಗೆ ಒಂದು ಮಾತು. ಕ್ರಿ.ಪೂ. 326ರ ಪೊಯೆಟೀಲಿಯಸ್ ಕಾನೂನನ್ನು ಮರೆಯಬೇಡಿ. ಅಪ್ಪನ ಸಾಲಕ್ಕೆ ಒತ್ತೆಯಾದ ಒಬ್ಬ ಹುಡುಗನನ್ನು ಸಾಲ ಕೊಟ್ಟವನು ಕಾಮಕ್ಕೆ ಕರೆದ, ಒಪ್ಪದಿದ್ದಕ್ಕೆ ಬೆತ್ತಲೆ ಮಾಡಿ ಹೊಡೆಸಿದ. ಹುಡುಗ ಬೀದಿಗೆ ಓಡಿ ಬಂದ. ಜನ ಸೆನೆಟ್ ಬಾಗಿಲಿಗೆ ಹೋದರು. ಇನ್ನು ಮುಂದೆ ಸಾಲಕ್ಕೆ ಆಸ್ತಿ ಮಾತ್ರ ಹೊಣೆ, ಮೈ ಅಲ್ಲ ಅಂತ ಕಾನೂನಾಯಿತು. ಇದು ಯಾವ ಶ್ರೀಮಂತ ಪ್ಲೆಬಿಯನ್ನನ ಬೇಡಿಕೆ?

ಬಯಲುಸೀಮೆ
ಆ ಹೊತ್ತಿಗೆ ಮೈ ಬೇಕಾಗಿರಲಿಲ್ಲ ಸಾರ್. ಕ್ರಿ.ಪೂ. 396ರಲ್ಲಿ ನೆರೆಯ ವೆಯಿ ಪಟ್ಟಣವನ್ನು ಗೆದ್ದ ಮೇಲೆ ಅದರ ಜಮೀನನ್ನು ಪ್ಲೆಬಿಯನ್ನರಿಗೆ ಏಳೇಳು ಯೂಗೆರಾದಂತೆ ಹಂಚಿದರು. ಇಟಲಿಯ ಇತರ ಕಡೆ ಗೆದ್ದಷ್ಟೂ ಹೊಸ ವಸಾಹತು, ಹೊಸ ಹೊಲ. ಯುದ್ಧ ಕೈದಿಗಳು ಗುಲಾಮರಾಗಿ ಬಂದರು. ದೊಡ್ಡ ಹೊಲದವನಿಗೆ ಪಕ್ಕದ ಮನೆಯ ರೋಮನ್ನನನ್ನು ಜೀತಕ್ಕೆ ಇಟ್ಟುಕೊಳ್ಳುವ ಅಗತ್ಯ ಕಡಿಮೆಯಾಯಿತು. ರೋಮಿನ ಬಡವನ ಕಷ್ಟವನ್ನು ಕಾನೂನಿಗಿಂತ ಹೆಚ್ಚಾಗಿ ಕಳೆದದ್ದು ಪಕ್ಕದ ಊರಿನವನ ಸೋಲು. ರೋಮ್‌ಗೆ ಸೋತ ಸ್ಯಾಮ್ನೈಟ್ ರೈತನನ್ನು ಕೇಳಿದರೆ ಈ ಹೋರಾಟದ ಕಥೆ ಬೇರೆಯೇ ಇರುತ್ತದೆ.

ತುಂಗೆಯ ತಡಿ
ಇದಕ್ಕೆ ನನ್ನ ಬಳಿ ಉತ್ತರ ಕಷ್ಟ. ಆದರೆ ಕ್ರಿ.ಪೂ. 287ರಲ್ಲೂ ಜನ ಜನಿಕ್ಯುಲಮ್ ಗುಡ್ಡ ಹತ್ತಿದ್ದು ಸಾಲಕ್ಕೇ. ಆಗ ಹೊರ್ಟೆನ್ಸಿಯಸ್ ಸರ್ವಾಧಿಕಾರಿ. ಪ್ಲೆಬಿಯನ್ ಸಭೆಯ ತೀರ್ಮಾನ ಎಲ್ಲರಿಗೂ ಕಾನೂನು, ಸೆನೆಟ್ ಒಪ್ಪಿಗೆ ಬೇಕಿಲ್ಲ ಅಂತಾಯಿತು. ಸಾಲದಲ್ಲಿದ್ದವನಿಗೆ ಅಂದೇ ಪರಿಹಾರ ಸಿಗದಿರಬಹುದು, ಅವನ ಸಭೆಗೆ ಕಾನೂನು ಮಾಡುವ ಶಕ್ತಿ ಬಂತು.

ಲೆಕ್ಕದ ಮೇಷ್ಟ್ರು
ಆ ಸಭೆಯನ್ನು ಕರೆಯುವವನು ಟ್ರಿಬ್ಯೂನ್. ಟ್ರಿಬ್ಯೂನರು ಹತ್ತು ಜನ. ಒಬ್ಬ ತಡೆದರೆ ಒಂಬತ್ತು ಜನರ ತೀರ್ಮಾನ ಬಿತ್ತು. ಸೆನೆಟ್‌ಗೆ ಹತ್ತರಲ್ಲಿ ಒಬ್ಬ ಸಾಕು.

ಓಹಾಯೋ ಕನ್ನಡಿಗ
494ರಲ್ಲಿ ಹೋಗಿ ಕೂತ ಗುಡ್ಡ ಈಗಲೂ ಇದೆಯಾ?

ಕಪ್ಪುಕಾಫಿ
ಇದೆ. ಈಗ ರೋಮ್ ಊರೊಳಗೇ ಸೇರಿದೆ, ಮಾಂಟೆ ಸ್ಯಾಕ್ರೋ ಅಂತಾರೆ. 1805ರಲ್ಲಿ ಸಿಮೋನ್ ಬೊಲಿವಾರ್ ದಕ್ಷಿಣ ಅಮೆರಿಕವನ್ನು ಸ್ಪೇನ್‌ನಿಂದ ಬಿಡಿಸುತ್ತೇನೆ ಅಂತ ಪ್ರಮಾಣ ಮಾಡಿದ್ದು ಅಲ್ಲೇ.

ಅಡಿಕೆಪೆಟ್ಟಿಗೆ
ಮೇಷ್ಟ್ರು ಹೇಳಿದ್ದಕ್ಕೆ ಸಾಕ್ಷಿ ಕ್ರಿ.ಪೂ. 133ರಲ್ಲಿದೆ. ಟ್ರಿಬ್ಯೂನ್ ಆಗಿದ್ದ ಟೈಬೀರಿಯಸ್ ಗ್ರಾಕಸ್ ಅದೇ 500 ಯೂಗೆರಾ ಮಿತಿಯನ್ನು ಮತ್ತೆ ತಂದಾಗ ತಡೆದವನು ಪೆಟ್ರೀಷಿಯನ್ನನಲ್ಲ, ಜೊತೆಯ ಟ್ರಿಬ್ಯೂನ್ ಆಕ್ಟೇವಿಯಸ್. ಅವನ ಕೈಯಲ್ಲೂ ಸಾರ್ವಜನಿಕ ಜಮೀನು ಜಾಸ್ತಿ ಇತ್ತು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ.

ಲಾಯರ್ ಸಾಹೇಬ
ಆ ಆಕ್ಟೇವಿಯಸ್‌ನನ್ನು ಜನರ ಓಟಿನಿಂದಲೇ ಇಳಿಸಿದರು, ಮಸೂದೆ ಪಾಸಾಯಿತು. ಅದನ್ನೂ ಹೇಳಿ. ಟ್ರಿಬ್ಯೂನ್ ಹುದ್ದೆ ಇಲ್ಲದಿದ್ದರೆ ಗ್ರಾಕಸ್ ಯಾವ ಜಾಗದಲ್ಲಿ ನಿಂತು ಆ ಮಸೂದೆ ತರುತ್ತಿದ್ದ?

ಬಯಲುಸೀಮೆ
ಅದೇ ವರ್ಷ ಸೆನೆಟರುಗಳು ಬೆಂಚಿನ ಕಾಲು ಮುರಿದು ಅದರಲ್ಲೇ ಅವನನ್ನು ಬಡಿದು ಕೊಂದರು. ಮೈ ಮುಟ್ಟಬಾರದು ಅನ್ನುವ ಪ್ರಮಾಣ ಎಲ್ಲಿ ಹೋಯಿತು ಸಾರ್?

ನಿರ್ವಾಹಕ
ಗ್ರಾಕಸ್ ಸಹೋದರರಿಗೆ ಹೊಸ ಚರ್ಚೆ ತೆರೆದಿದ್ದೇನೆ. ಮೇಲಿನ ಮೂರು ಉತ್ತರಗಳನ್ನು ಅಲ್ಲಿಗೂ ಹಾಕಿದ್ದೇನೆ, ಮುಂದಿನ ಜಗಳ ಅಲ್ಲೇ ಆಡಿ.